ಟೈರಿನ ಗಾಳಿ ಒತ್ತಡ ಮತ್ತು ಮೈಲೇಜ್

ಟೈರಿನೊಳಗಿನ ಗಾಳಿಯ ಒತ್ತಡಕ್ಕೂ ವಾಹನ ಕುಡಿಯುವ ಇಂಧನಕ್ಕೂ ಸಂಬಂಧವಿದೆ. ಒತ್ತಡವನ್ನು ಪಿಎಸ್‌ಐ ಎಂಬ ಮಾನದಲ್ಲಿ ಅಳೆಯುತ್ತಾರೆ. ಸಾಮಾನ್ಯ ಕಾರಿಗೆ 30ರಿಂದ 35 ಪಿಎಸ್‌ಐ ಬೇಕು.

ಗಾಳಿ ಕಡಿಮೆಯಾದ ಟೈರ್ ನೆಲಕ್ಕೆ ಹೆಚ್ಚು ಚಪ್ಪಟೆಯಾಗಿ ಕೂರುತ್ತದೆ. ಪ್ರತಿ ಸುತ್ತಿನಲ್ಲೂ ರಬ್ಬರು ಬಾಗಿ, ಮತ್ತೆ ನೆಟ್ಟಗಾಗುವಾಗ ಎಂಜಿನ್ನಿನ ಶಕ್ತಿಯ ಒಂದು ಪಾಲು ಶಾಖವಾಗಿ ಪೋಲಾಗುತ್ತದೆ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ, ನಾಲ್ಕೂ ಟೈರುಗಳಲ್ಲಿ ಸರಾಸರಿ 1 ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು ಶೇ 0.2ರಷ್ಟು ತಗ್ಗುತ್ತದೆ. ಅಂದರೆ ಲೀಟರಿಗೆ 18 ಕಿ.ಮೀ. ಓಡುವ ಕಾರಿನಲ್ಲಿ 10 ಪಿಎಸ್‌ಐ ಕಡಿಮೆಯಿದ್ದರೆ ಲೀಟರಿಗೆ ಸುಮಾರು 360 ಮೀಟರ್ ಖೋತಾ.

ನಷ್ಟ ಇಂಧನದ್ದಷ್ಟೇ ಅಲ್ಲ. ಟೈರಿನ ಎರಡೂ ಅಂಚು ಬೇಗ ಸವೆಯುತ್ತವೆ. ಬಿಸಿಯೇರಿ ಸಿಡಿಯುವ ಅಪಾಯವೂ ಉಂಟು.

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಬಯಲುಸೀಮೆಯ ಊರುಗಳಲ್ಲಿ ಹವೆಯನ್ನೂ ಗಮನಿಸಬೇಕು. ತಾಪಮಾನ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡ ಹತ್ತಿರ ಹತ್ತಿರ 1 ಪಿಎಸ್‌ಐ ಕುಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನ ತುಂಬಿಸಿದ ಗಾಳಿ ಡಿಸೆಂಬರ್ ಬೆಳಗಿಗೆ ಸಾಲದು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದೂರ ಓಡಿ ಬಂದು ಹಿರಿಯೂರಿನಲ್ಲಿ ನಿಂತ ಕಾರಿನ ಬಿಸಿ ಟೈರ್ ತಣ್ಣಗಿದ್ದಾಗಿನದಕ್ಕಿಂತ ಹೆಚ್ಚಿನ ಒತ್ತಡ ತೋರಿಸುತ್ತದೆ. ಭಾರವನ್ನೂ ಗಮನಿಸಬೇಕು: ಈರುಳ್ಳಿ ಚೀಲ ಹೇರಿದಾಗ, ಬೈಕಿನ ಹಿಂದೆ ಒಬ್ಬರು ಕೂತಾಗ ಹಿಂದಿನ ಚಕ್ರಕ್ಕೆ ಹೆಚ್ಚು ಗಾಳಿ ಬೇಕು.

ಹಾಗೆಂದು ಮಿತಿಮೀರಿ ತುಂಬಿಸುವುದೂ ತಪ್ಪು: ಹಿಡಿತ ತಗ್ಗುತ್ತದೆ, ಟೈರಿನ ನಡುಭಾಗ ಸವೆಯುತ್ತದೆ.

ಸರಿಯಾದ ಅಳತೆ ಕಾರಿನಲ್ಲಿ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಪಟ್ಟಿಯಲ್ಲಿರುತ್ತದೆ. ತಿಂಗಳಿಗೊಮ್ಮೆ, ಗಾಡಿ ಹೊರಡುವ ಮುನ್ನ, ಟೈರ್ ತಣ್ಣಗಿರುವಾಗ ಅಳೆಯಬೇಕು. ಪೆಟ್ರೋಲ್ ಬಂಕುಗಳಲ್ಲಿ ಗಾಳಿ ಉಚಿತ.