ಕ್ರೈಸ್ತರ ಪ್ರಾರ್ಥನೆ ಮತ್ತು ಅನ್ನದ ಪ್ರಶ್ನೆ

ಗೋಕಾಕ ಸೀಮೆಯ ಮೇಲವಂಕಿಯಂಥ ಊರಲ್ಲಿ ಬೆಳೆದವರಿಗೆ ಪ್ರಾರ್ಥನೆಯೆಂದರೇನೆಂದು ಹೇಳಿಕೊಡಬೇಕಾದುದಿಲ್ಲ. ರಾತ್ರಿಯ ಭಜನೆ, ತಾಳ, ಏಕತಾರಿ, ಹಾಡು ಮುಗಿದ ಮೇಲೆ ಕೈತುಂಬ ಪ್ರಸಾದ. ದೇವರ ನಾಮಕ್ಕೂ ಹಸಿದ ಹೊಟ್ಟೆಗೂ ಇರುವ ನಂಟನ್ನು ನಮ್ಮ ಜನ ಚೆನ್ನಾಗಿ ಬಲ್ಲರು. ಕನ್ನಡ ನಾಡಿನ ಕ್ರೈಸ್ತ ಸಮಾಜದಲ್ಲಿ ಈ ನಂಟು ಹೇಗೆ ಬೆಳೆಯಿತೆಂಬುದನ್ನು ವಾಚಕರೊಡನೆ ಇಂದು ವಿಚಾರ ಮಾಡಬೇಕೆಂದಿದ್ದೇನೆ.

ಏಸುಕ್ರಿಸ್ತನು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಬಲು ಚಿಕ್ಕದು. ಅದರಲ್ಲಿ ಅಂದಂದಿನ ಆಹಾರಕ್ಕಾಗಿ ಒಂದು ಬೇಡಿಕೆಯಿದೆ. ವ್ಯಾಕರಣ ಕಲಿಸುವವನ ಕಣ್ಣಿಗೆ ಅಲ್ಲಿ ಮೊದಲು ಬೀಳುವುದು ವಚನ. ‘ನನಗೆ’ ಎಂದು ಬೇಡುವುದಿಲ್ಲ, ‘ನಮಗೆ’ ಎಂದು ಬೇಡುತ್ತದೆ. ಕೋಣೆಯ ಬಾಗಿಲು ಮುಚ್ಚಿಕೊಂಡು ಏಕಾಂತದಲ್ಲಿ ಪ್ರಾರ್ಥಿಸಿರೆಂದ ಗುರುವೇ, ಒಬ್ಬನೇ ಕುಳಿತವನ ಬಾಯಲ್ಲಿಯೂ ಬಹುವಚನವನ್ನಿಟ್ಟನು! ಹಾಗಾದರೆ ಈ ‘ನಮಗೆ’ ಎಂಬುದರೊಳಗೆ ಯಾರು ಯಾರು ಸೇರಿದರು?

ನಮ್ಮ ಬೆಳಗಾವಿಗೆ 1820ರಲ್ಲಿಯೇ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬಂದರು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಇಳಿದರು. ಅಲ್ಲಿಂದ ಧಾರವಾಡ 1837ರಲ್ಲಿ, ಹುಬ್ಬಳ್ಳಿ 1839ರಲ್ಲಿ, ಬೆಟಗೇರಿ 1841ರಲ್ಲಿ. ಈ ಬಾಸೆಲ್ ಪಾದ್ರಿಗಳಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಮನೆಗಳಲ್ಲಿ ಕೂಡಿ ಬೈಬಲ್ ಓದಿ, ಮನಮುಟ್ಟಿ ಪ್ರಾರ್ಥಿಸುವ ಭಕ್ತಿಪಂಥದವರು. ಮೈಮುರಿದು ದುಡಿಯುವುದೂ ಅವರಿಗೆ ದೇವರ ಸೇವೆಯೇ. ಶರಣರ ಕಾಯಕವನ್ನು ಬಲ್ಲ ನಮಗೆ ಇದು ಹೊಸದೆನಿಸದು. ಆದರೂ ಎರಡೂ ಒಂದೇ ಎಂದುಬಿಡುವ ಅವಸರ ಬೇಡ.

ಅವರೊಡನೆ ಪ್ರಾರ್ಥನೆಗೆ ಕುಳಿತ ಕನ್ನಡಿಗನಿಗೆ ಅದು ಸುಲಭವಾಗಿ ದಕ್ಕಲಿಲ್ಲ. 1844ರಲ್ಲಿ ಮಂಗಳೂರಿನ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯರು ದೀಕ್ಷೆ ಪಡೆದಾಗ ಊರೇ ಕೆರಳಿತು. ಪತ್ನಿ ಅವರೊಡನೆ ಬಾಳಲು ಬರಲಿಲ್ಲ. ಅವರು ಬಾಸೆಲಿಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿದರು. ಮತಾಂತರ ಹೊಂದಿದವನ ಆಸ್ತಿಯ ಹಕ್ಕು ಅಳಿಯಬಾರದೆಂಬ ಕಾನೂನು ಬಂದುದು 1850ರಲ್ಲಿ. ಆದರೆ ಆಸ್ತಿಯೇ ಇಲ್ಲದವನಿಗೆ ಕಾನೂನು ಏನು ಕೊಟ್ಟೀತು? ಶೇಂದಿ ಇಳಿಸುವ ಬಿಲ್ಲವನು ಕ್ರೈಸ್ತನಾದರೆ ಆ ಕಸುಬನ್ನು ಮಿಶನ್ನೇ ಬಿಡಿಸುತ್ತಿತ್ತು. ಗೇಣಿದಾರನ ಹೊಲವನ್ನು ಒಡೆಯನು ಬಿಡಿಸಿಕೊಳ್ಳಬಹುದಾಗಿತ್ತು. ಜಾತಿ ಹೋಯಿತು, ನೆಂಟರು ಹೋದರು, ಕಸುಬು ಹೋಯಿತು. ಭಾನುವಾರ ‘ನಮಗೆ’ ಎಂದು ಬೇಡಿ, ಸೋಮವಾರ ಅವನನ್ನು ಬರಿಗೈಯಲ್ಲಿ ಮನೆಗೆ ಕಳಿಸುವುದು ಹೇಗೆ? ಹಸಿದ ಸೋದರನಿಗೆ ಒಳ್ಳೆಯ ಮಾತು ಹೇಳಿ ಕಳಿಸಿದರೆ ಫಲವೇನೆಂದು ಅವರ ಶಾಸ್ತ್ರದಲ್ಲಿಯೇ ಯಾಕೋಬನ ಪತ್ರಿಕೆ ಕೇಳುತ್ತದೆ.

ಮಗ್ಗಗಳು ಬಂದುದು ಇದರಿಂದ. ಹಂಚಿನ ಕಾರ್ಖಾನೆಯೂ ಇದರಿಂದಲೇ. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಮಂಗಳೂರಿನಲ್ಲಿ ಹಂಚಿನ ಕೆಲಸ ಆರಂಭಿಸಿದರು. ಮಂಗಳೂರು ಹಂಚು ಹೊದೆಸಿದ ಮನೆಯಲ್ಲಿ ಕುಳಿತು ರೇಡಿಯೋ ಕೇಳಿದವರು ಎಷ್ಟೋ ಮಂದಿ ಇದ್ದಾರು. ಆ ಹಂಚಿನ ಹಿಂದೆ ಕಸುಬು ಕಳೆದುಕೊಂಡವರ ಅನ್ನದ ಚಿಂತೆಯಿತ್ತೆಂಬುದು ಎಷ್ಟು ಮಂದಿಗೆ ಗೊತ್ತು?

ಇದನ್ನು ಬರಿಯ ಹೊಗಳಿಕೆಯಾಗಿ ಹೇಳಿದರೆ ಚರಿತ್ರೆಗೆ ಅನ್ಯಾಯವಾದೀತು. ಕೆಲಸ ಕೊಡುವ ಧಣಿಯೂ ಪ್ರಾರ್ಥನೆ ನಡೆಸುವ ಗುರುವೂ ಒಂದೇ ಮಿಶನ್ನಾದಾಗ, ಕೂಲಿಯವನ ಭಕ್ತಿಯೆಷ್ಟು, ಭಯವೆಷ್ಟು ಎಂದು ಅಳೆಯುವುದು ಕಷ್ಟ. ಸೇವೆಯ ಹಿಂದೆ ಮತಪ್ರಸಾರದ ಉದ್ದೇಶವಿದ್ದುದನ್ನು ಅವರೂ ಮುಚ್ಚಿಡಲಿಲ್ಲ. ಆದರೆ ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮ (1876–78) ನಮ್ಮ ಬೆಳಗಾವಿ, ಧಾರವಾಡ, ಕಲಾದಗಿ ಸೀಮೆಗಳನ್ನು ಸುಟ್ಟಾಗ, ತಾಯಿತಂದೆ ಸತ್ತ ಮಕ್ಕಳನ್ನು ಮಿಶನ್ನಿನವರು ಒಳಗೆ ಕರೆದುಕೊಂಡು ಸಾಕಿದರು. ಹಸಿದ ಮಗುವಿಗೆ ಗಂಜಿ ಕೊಟ್ಟ ಕೈಯ ಉದ್ದೇಶವನ್ನು ಮಗುವು ವಿಚಾರಿಸುವುದಿಲ್ಲ. ನಾವು ವಿಚಾರಿಸಬಹುದು, ಆದರೆ ಗಂಜಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕನ್ನಡ ಪಂಡಿತನಾದ ನನಗೆ ಇನ್ನೊಂದು ಸಂಗತಿ ಬಹಳ ಪ್ರಿಯವಾದುದು. ಕೌಂಡಿನ್ಯರಿಗೆ ದಾರಿ ತೋರಿದ ಹೆರ್ಮನ್ ಮೊಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರು. ಅವರೇ 1850ರಲ್ಲಿ ಹರಿದಾಸರ ಪದಗಳನ್ನು ಕೂಡಿಸಿ ಅಚ್ಚುಹಾಕಿಸಿದರು. ತಮ್ಮ ದೇವರನ್ನು ಬಿಟ್ಟು ಬೇರೆ ದೇವರಿಲ್ಲವೆಂದು ಗಟ್ಟಿಯಾಗಿ ನಂಬಿದ ಪಾದ್ರಿಯೊಬ್ಬರು ಪುರಂದರ ಕನಕರ ಪ್ರಾರ್ಥನೆಗಳನ್ನು ಕಲ್ಲಚ್ಚಿನಲ್ಲಿ ಉಳಿಸಿದರು! ಎದುರಾಳಿಯ ಮತವನ್ನು ಅರಿಯಲೆಂದು ಹಾಗೆ ಮಾಡಿದರೆನ್ನುವವರಿದ್ದಾರೆ. ಅದೂ ಇದ್ದೀತು. ಅಷ್ಟೇ ಆಗಿದ್ದರೆ ಬಸವಪುರಾಣ, ಜೈಮಿನಿ ಭಾರತಗಳಿಗಾಗಿಯೂ ಅಷ್ಟು ಶ್ರಮಪಡಬೇಕಾಗಿತ್ತೇ?

1914ರಲ್ಲಿ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು. ಜರ್ಮನರೆಂಬ ಕಾರಣದಿಂದ ಅನೇಕ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಅಹಮದನಗರದ ಶಿಬಿರದಲ್ಲಿಟ್ಟಿತು, ಬಳಿಕ ದೇಶದಿಂದ ಹೊರಗೆ ಕಳುಹಿತು. ಕಾರ್ಖಾನೆಗಳು ಸರಕಾರದ ವಶವಾಗಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಹೋದುವು. ಕೂಲಿ ಕೊಡುವ ಧಣಿ ಈಗ ಬೇರೆ, ಗುರು ಬೇರೆ. ಚರ್ಚಿಗೆ ಬಂದರೆ ಕೆಲಸ ಸಿಕ್ಕೀತೆಂಬ ಆಸೆಗೆ ಇನ್ನು ಆಧಾರವಿರಲಿಲ್ಲ. ಆ ವರ್ಷಗಳಲ್ಲಿಯೂ ಹುಬ್ಬಳ್ಳಿ, ಧಾರವಾಡ, ಬೆಟಗೇರಿಯ ಸಭೆಗಳು ಚದುರಲಿಲ್ಲ. ಕನ್ನಡದ ಪಾದ್ರಿಗಳು, ಶಾಲೆಯ ಮಾಸ್ತರರು, ಸಭೆಯ ಹಿರಿಯರು ಮುಂದೆ ನಿಂತು ಅದೇ ಚಿಕ್ಕ ಪ್ರಾರ್ಥನೆಯನ್ನು ನಡೆಸಿಕೊಂಡು ಬಂದರು, ಬಹುವಚನದಲ್ಲಿಯೇ.