ಓಜರ ಮನೆಯ ವಿದ್ಯೆ

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಜಕಣಾಚಾರಿ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಎಲ್ಲಿಂದಲೋ ಬಂದ ಹುಡುಗನೊಬ್ಬ ಆಕ್ಷೇಪಿಸುತ್ತಾನೆ. ಮೈಗೆಲ್ಲ ಗಂಧ ಸವರಿ ನೋಡಿದರೆ ಹೊಕ್ಕುಳ ಬಳಿಯಲ್ಲಿ ಮಾತ್ರ ಅದು ಆರುವುದಿಲ್ಲ. ಅಲ್ಲಿ ಉಳಿಯಿಟ್ಟಾಗ ಕಪ್ಪೆಯೊಂದು ಹೊರಬೀಳುತ್ತದೆ. ಆಡಿದ ಮಾತಿಗೆ ಕಟ್ಟುಬಿದ್ದು ಜಕಣ ತನ್ನ ಬಲಗೈಯನ್ನು ಕತ್ತರಿಸಿಕೊಳ್ಳುತ್ತಾನೆ. ಹುಡುಗ ತನ್ನ ಮಗ ಡಂಕಣನೇ ಎಂಬುದು ಅವನಿಗೆ ತಿಳಿಯುವುದು ಆಮೇಲೆ. ಕಥೆಯೇನೋ ಸೊಗಸಾದುದೇ. ಆದರೆ ಹಿರಿಯನ ವಿದ್ಯೆಗೂ ಕಿರಿಯನ ಪ್ರತಿಭೆಗೂ ಒಂದೇ ಗುಡಿಯಲ್ಲಿ ಎಡೆಯಿಲ್ಲ, ಒಬ್ಬನು ಗೆಲ್ಲಬೇಕಾದರೆ ಇನ್ನೊಬ್ಬನ ಕೈ ಹೋಗಬೇಕು ಎಂಬ ಭಾವನೆ ಅದರ ಒಡಲಿನಲ್ಲಿದೆ.

ಅದೇ ಪ್ರಾಕಾರದ ಕಲ್ಲುಗಳು ಹೇಳುವ ಮಾತೇ ಬೇರೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯರ ವಿಗ್ರಹಗಳು 42. ಹೊರಗಿನ ಸೂರಿನ ಕೆಳಗೆ 38, ಒಳಗೆ ನವರಂಗದಲ್ಲಿ 4. ಇವುಗಳಲ್ಲಿ ಹಲವುದರ ಪೀಠದ ಮೇಲೆ ಕಡೆದವರ ಹೆಸರುಗಳಿವೆ. ಜಕಣನ ಹೆಸರು ಅಲ್ಲಿಲ್ಲ. ಇರುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದುಗಿನ ನಾಗೋಜ, ಮಲ್ಲಿಯಣ್ಣ ಮೊದಲಾದವರ ಹೆಸರುಗಳು. ದಾಸೋಜನವು ನಾಲ್ಕು, ಚಾವಣನವು ಐದು ಎಂದು ವಿದ್ವಾಂಸರ ಲೆಕ್ಕ. ತಂದೆಯ ಕೈಯೂ ಉಳಿದಿದೆ, ಮಗನ ಕೈಯೂ ಉಳಿದಿದೆ. ಒಂದೇ ಸೂರಿನ ಕೆಳಗೆ. ಮಗನು ತನ್ನ ಹೆಸರನ್ನು ಕೊರೆಯುವಾಗ ತಾನು ದಾಸೋಜನ ಮಗನೆಂಬುದನ್ನೂ ಜೊತೆಯಲ್ಲಿಯೇ ಕೊರೆದಿದ್ದಾನೆ.

ಇಲ್ಲಿ ಭಾಷೆಯ ಮಾತೊಂದನ್ನು ಹೇಳಬೇಕು. ಕನ್ನಡ ಪಾಠ ಹೇಳಿ ಮುದುಕನಾದವನಿಗೆ ಅದನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. ದಾಸೋಜ, ನಾಗೋಜ, ಮಲ್ಲೋಜ ಎಂಬ ಹೆಸರುಗಳ ಕೊನೆಯಲ್ಲಿರುವ ‘ಓಜ’ ಎಂಬುದು ‘ಉಪಾಧ್ಯಾಯ’ ಶಬ್ದದ ತದ್ಭವ. ಕಡೆಯುವವನೇ ಕಲಿಸುವವನು, ಕೆಲಸದ ಚಪ್ಪರವೇ ಪಾಠಶಾಲೆ. ಚಾವಣನ ಹೆಸರಿಗೆ ಓಜ ಸೇರಿಲ್ಲ. ಅಷ್ಟರಿಂದಲೇ ಅವನಿನ್ನೂ ಶಿಷ್ಯವೃತ್ತಿಯಲ್ಲಿದ್ದನೆಂದು ಸಾಧಿಸಹೊರಡುವುದು ಅತಿಯಾದೀತು. ಆದರೂ ಹಾಗೆ ಊಹಿಸಿಕೊಂಡು ನೋಡುವುದರಲ್ಲಿ ನನಗೊಂದು ಸಂತೋಷವಿದೆ.

ಈ ಶಿಲ್ಪಿಗಳಿಗೆ ದೊರೆತ ಸ್ವಾತಂತ್ರ್ಯವಾದರೂ ಎಷ್ಟು? ದೇವರ ಮೂರ್ತಿಗೆ ಶಾಸ್ತ್ರ ಹೇಳಿದ ತಾಳಮಾನ, ಹಿಡಿಯಬೇಕಾದ ಆಯುಧ, ನಿಲ್ಲಬೇಕಾದ ಭಂಗಿ, ಎಲ್ಲವೂ ಮೊದಲೇ ನಿಶ್ಚಿತ. ಮದನಿಕೆಗೂ ಕಟ್ಟಿಲ್ಲದಿಲ್ಲ. ಕಂಬದ ತಲೆಗೂ ಸೂರಿಗೂ ನಡುವೆ ಓರೆಯಾಗಿ ಕೂರಬೇಕು, ಅಳತೆ ಮೀರಬಾರದು, ಮೇಲೆ ಬಳ್ಳಿಯ ಚಪ್ಪರವಿರಬೇಕು. ಕಲ್ಲು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿದಷ್ಟೂ ಗಟ್ಟಿ. ಹಾಗಾಗಿ ತಡಮಾಡುವಂತೆಯೂ ಇಲ್ಲ. ಇಷ್ಟೆಲ್ಲ ಕಟ್ಟಿನೊಳಗೆ ಒಬ್ಬಳು ಕನ್ನಡಿ ನೋಡುತ್ತಾಳೆ, ಒಬ್ಬಳು ಗಿಳಿಯೊಡನೆ ಮಾತಾಡುತ್ತಾಳೆ, ಒಬ್ಬಳ ಸೆರಗನ್ನು ಕೋತಿ ಎಳೆಯುತ್ತದೆ. ಒಂದು ಚಪ್ಪರದ ಬಳ್ಳಿಯಲ್ಲಂತೂ ಹಣ್ಣಿನ ಮೇಲೆ ಕುಳಿತ ನೊಣಕ್ಕಾಗಿ ಹಲ್ಲಿಯೊಂದು ಹೊಂಚುಹಾಕಿದೆ. ಆ ಹಲ್ಲಿಯನ್ನು ದೊರೆ ಕೇಳಿರಲಾರ, ಶಾಸ್ತ್ರವೂ ವಿಧಿಸಿರಲಾರದು. ಅದು ಶಿಲ್ಪಿ ತನಗಾಗಿ ಕಡೆದುಕೊಂಡದ್ದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗಳು ಈಗ ವಿನ್ಯಾಸದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿದ್ದಾಳೆ. ಹಗಲೆಲ್ಲ ಅಧ್ಯಾಪಕರು ಒಪ್ಪಿಸಿದ ಕೆಲಸ. ತನ್ನವೇ ಆದ ಚಿತ್ರಗಳಿಗೆ ಮಿಕ್ಕುವುದು ನಡುರಾತ್ರಿ. “ಎರಡು ವರ್ಷ ಕಳೆಯುವಷ್ಟರಲ್ಲಿ ನನ್ನ ಕೈ ಯಾವುದೆಂಬುದೇ ನನಗೆ ಮರೆತುಹೋದರೆ, ತಾತ?” ಎಂದು ಕೇಳಿದಳು. ನಾನು ಹಲ್ಲಿಯ ಸಂಗತಿ ಹೇಳಿದೆ. “ಅವರಿಗೆ ಪರೀಕ್ಷೆ ಇರಲಿಲ್ಲವಲ್ಲ!” ಎಂದಳು. ಇತ್ತು. ಬಳ್ಳಿಗಾವೆ, ಗದಗುಗಳಿಂದ ಬಂದು ಸೇರಿದ್ದ ಪ್ರತಿಸ್ಪರ್ಧಿಗಳ ಕಣ್ಣೆದುರಿಗೇ ಕಡೆಯಬೇಕಾಗಿತ್ತು. ಬೇರೆ ರೂವಾರಿಗಳ ಗರ್ವವನ್ನು ಮುರಿದೆವೆಂಬ ಅರ್ಥದ ಬಿರುದುಗಳನ್ನು ಈ ಶಿಲ್ಪಿಗಳು ಹೆಸರಿಗೆ ಅಂಟಿಸಿಕೊಂಡದ್ದನ್ನು ನೋಡಿದರೆ ಆ ಪರೀಕ್ಷೆಯ ಬಿಸಿ ಇಂದಿಗೂ ತಟ್ಟುತ್ತದೆ.

ಆದರೆ ಎಲ್ಲರ ಪಾಲಿಗೂ ಮದನಿಕೆ ಬರಲಿಲ್ಲ ಎಂಬುದನ್ನು ಮರೆಯಬಾರದು. 16 ಕಿಲೋಮೀಟರು ಆಚೆಗೆ, ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ತಳದ ಆನೆಯ ಸಾಲನ್ನು ಕುರಿತು ಫರ್ಗುಸನ್ ಸಾಹೇಬರು 2000ಕ್ಕೆ ಕಡಿಮೆಯಿಲ್ಲವೆಂದು ಲೆಕ್ಕ ಹಾಕಿದರು. ಕಲಿಯುವ ಕೈಗಳಿಗೆ ಒಪ್ಪಿಸುತ್ತಿದ್ದುದು ಇಂಥ ಸಾಲುಗಳನ್ನೇ ಇರಬೇಕೆಂದು ನನಗೆ ತೋರುತ್ತದೆ. ಆನೆಯಾದ ಮೇಲೆ ಆನೆ, ಅದರ ಹಿಂದೆ ಮತ್ತೊಂದು ಆನೆ. ನಿಧಾನವಾಗಿ ನಡೆಯುತ್ತ ನೋಡಿದರೆ ಒಂದರ ಸೊಂಡಿಲು ತಿರುಗಿದ ಬಗೆ ಇನ್ನೊಂದಕ್ಕಿಲ್ಲ. ಹೆಸರು ಮಾತ್ರ ಯಾವುದರ ಕೆಳಗೂ ಇಲ್ಲ. ಅದೇ ಗುಡಿಯ ದಕ್ಷಿಣದ ಬಾಗಿಲವಾಡದ ಮೇಲೆ ಎರಡು ಹೆಸರುಗಳಿವೆ: ನರಸಿಂಹ ದೊರೆಯ ರೂವಾರಿ ಕೇದಾರೋಜ, ಅವನಿಗಾಗಿ ಕಡೆದ ಕಾಳಿದಾಸಿ. ಯಜಮಾನನ ಕೆಲಸದಲ್ಲಿ ಕೈಯಾಳಿನ ಹೆಸರಿಗೂ ಸ್ಥಳ ದೊರೆಯಿತು. ಕೇದಾರೋಜನನ್ನು ನಾನು ಮೆಚ್ಚುವುದಕ್ಕೆ ಇದೊಂದು ಕಾರಣ ಸಾಕು.

ಹಳೇಬೀಡಿನಿಂದ ಈಶಾನ್ಯಕ್ಕೆ ಅರಸೀಕೆರೆ. ಅಲ್ಲಿನ ಈಶ್ವರ ದೇವಾಲಯ 1220ರ ಸುಮಾರಿನದು. ಇದನ್ನು ಕಟ್ಟಿದವನೂ ಗರ್ಭಗೃಹ, ಸುಕನಾಸಿ, ನವರಂಗವೆಂಬ ಕಲಿತ ಕ್ರಮವನ್ನು ಎಲ್ಲಿಯೂ ಬಿಟ್ಟಿಲ್ಲ. ಅಷ್ಟನ್ನೂ ಒಪ್ಪಿಸಿ ಮುಗಿಸಿದ ಮೇಲೆ, ಮುಂದುಗಡೆ, ಹದಿನಾರು ಕೋನಗಳ ನಕ್ಷತ್ರಾಕಾರದ ತೆರೆದ ಮಂಟಪವೊಂದನ್ನು ನಿಲ್ಲಿಸಿ ಅದಕ್ಕೆ ಗುಮ್ಮಟದಂಥ ಒಳಮಾಳಿಗೆ ಹೊದಿಸಿದ್ದಾನೆ. ಹೊಯ್ಸಳ ಗುಡಿಗಳಲ್ಲಿ ಇಂಥದು ಅಪರೂಪ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅರಸೀಕೆರೆ ಅವುಗಳ ಜೊತೆಯಲ್ಲಿರಲಿಲ್ಲ. ಜಂಕ್ಷನ್ನಿನಲ್ಲಿ ರೈಲು ಬದಲಿಸುವ ಪ್ರಯಾಣಿಕರು ಗಂಟೆಗಟ್ಟಲೆ ಪ್ಲಾಟ್‌ಫಾರಂ ಮೇಲೆ ಕುಳಿತಿರುತ್ತಾರೆ. ಗುಡಿ ಅದೇ ಊರಿನಲ್ಲಿದೆ; ಮಂಟಪದ ನಡುವೆ ನಿಂತು ಒಮ್ಮೆ ಕತ್ತೆತ್ತಿ ನೋಡಿ ಬರುವಷ್ಟು ಹೊತ್ತು ಅವರಿಗೆ ಖಂಡಿತವಾಗಿಯೂ ಇರುತ್ತದೆ.