ಏಳು ತಲೆಮಾರು ಕಾದ ಜನ



ಆಗಸ್ಟ್ 15 ನಮಗೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ, ನಾಡಿಗೆ ಸ್ವಾತಂತ್ರ್ಯದ ಹಬ್ಬ. ಜಪಾನಿನ ಧರ್ಮಸಭೆ ಹುಟ್ಟಿದ್ದೂ ಇದೇ ದಿನ. ಗೋವೆಯಿಂದ ಹೊರಟ ಸಂತ ಫ್ರಾನ್ಸಿಸ್ ಕ್ಸೇವಿಯರ್ 1549ರ ಆಗಸ್ಟ್ 15ರಂದು ಅಲ್ಲಿನ ಕಾಗೋಷಿಮಾದಲ್ಲಿ ಕಾಲಿಟ್ಟರು. ಎಷ್ಟು ಬೇಡಿದರೂ ದೇವರು ಕಿವಿಗೊಡಲಿಲ್ಲ ಎಂದು ಎದೆಗುಂದಿದವರು ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಅವರಿಗಾಗಿ ಈ ಹಬ್ಬದಂದು ಜಪಾನಿನ ಒಂದು ಹಳ್ಳಿಯ ಕಥೆ ಹೇಳಬೇಕೆನಿಸುತ್ತದೆ.

ಕ್ಸೇವಿಯರ್ ಬಿತ್ತಿದ ಬೀಜ ಬೇಗನೆ ಫಲಿಸಿತು. ಅಷ್ಟೇ ಬೇಗನೆ ಹಿಂಸೆಯೂ ಬಂತು. 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ 26 ಮಂದಿಯನ್ನು ಶಿಲುಬೆಗೇರಿಸಿದರು. ನಮ್ಮ ವಸಾಯಿಯ ಗೊನ್ಸಾಲೊ ಗಾರ್ಸಿಯಾ ಅವರಲ್ಲೊಬ್ಬರು. 1862ರಲ್ಲಿ ಭಾರತದ ಪ್ರಥಮ ಸಂತರಾದರು. 1614ರಲ್ಲಿ ಇಡೀ ದೇಶದಲ್ಲಿ ಕ್ರೈಸ್ತಧರ್ಮ ನಿಷೇಧವಾಯಿತು. 1644ರಲ್ಲಿ ಅಲ್ಲಿ ಉಳಿದಿದ್ದ ಕೊನೆಯ ಗುರುವೂ ರಕ್ತಸಾಕ್ಷಿಯಾದರು. ಆಮೇಲೆ ಇನ್ನೂರು ವರ್ಷಕ್ಕೂ ಮೀರಿ ಆ ಜನರಿಗೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಪರಮಪ್ರಸಾದವಿಲ್ಲ.

ನಾಗಸಾಕಿಯ ಪಕ್ಕದ ಉರಾಕಾಮಿ ಹಳ್ಳಿಯವರು ಏನು ಮಾಡಿದರು? ತಮ್ಮೊಳಗೇ ಒಬ್ಬನಿಗೆ ಹಬ್ಬದ ದಿನಗಳ ಲೆಕ್ಕ ಇಡುವ ಕೆಲಸ ಕೊಟ್ಟರು, ಇನ್ನೊಬ್ಬನಿಗೆ ಶಿಶುಗಳಿಗೆ ಜ್ಞಾನಸ್ನಾನ ಕೊಡುವ ಕೆಲಸ, ಮತ್ತೊಬ್ಬನಿಗೆ ಮನೆಮನೆಗೆ ಸುದ್ದಿ ಮುಟ್ಟಿಸುವ ಕೆಲಸ. ಮಗುವನ್ನೆತ್ತಿಕೊಂಡ ಕಣ್ಣೋನ್ ವಿಗ್ರಹವೇ ಅವರಿಗೆ ಮರಿಯಮ್ಮ. ಪ್ರತಿ ವರ್ಷ ಅಧಿಕಾರಿಗಳು ಯೇಸುವಿನ ಅಥವಾ ಮಾತೆಯ ಚಿತ್ರಫಲಕವನ್ನು ನೆಲದ ಮೇಲಿಟ್ಟು ಎಲ್ಲರಿಂದಲೂ ತುಳಿಸುತ್ತಿದ್ದರು. ಅನೇಕರು ತುಳಿದರು. ಮನೆಗೆ ಬಂದು ಬಾಗಿಲು ಮುಚ್ಚಿ ಪಶ್ಚಾತ್ತಾಪದ ಪ್ರಾರ್ಥನೆ ಹೇಳಿದರು. ರಕ್ತಸಾಕ್ಷಿಗಳ ಕಥೆ ಹೇಳಲು ನಮಗೆಲ್ಲ ಇಷ್ಟ, ತುಳಿದವರ ಕಥೆ ಯಾರೂ ಎತ್ತುವುದಿಲ್ಲ. ಆದರೆ ವಿಶ್ವಾಸವನ್ನು ಮಕ್ಕಳಿಂದ ಮೊಮ್ಮಕ್ಕಳಿಗೆ ದಾಟಿಸಿದವರಲ್ಲಿ ಇಂಥವರೇ ಹೆಚ್ಚು. ಏಳು ತಲೆಮಾರು ಕಳೆದ ಮೇಲೆ ಪಾಪನಿವೇದನೆ ಕೇಳುವ ಗುರುಗಳು ಹಡಗಿನಲ್ಲಿ ಬರುವರು ಎಂದು ಬಾಸ್ತಿಯಾನ್ ಎಂಬ ಉಪದೇಶಿ ಹೇಳಿಹೋಗಿದ್ದನೆಂದು ಅವರ ಪರಂಪರೆ. ಆ ಮಾತಿಗೆ ಜೋತುಬಿದ್ದು ಕಾದರು.

1865ರಲ್ಲಿ ವಿದೇಶಿಯರ ಬಳಕೆಗೆಂದು ನಾಗಸಾಕಿಯ ಔರಾದಲ್ಲಿ ಒಂದು ದೇವಾಲಯ ಎದ್ದಿತು. ಅಲ್ಲಿದ್ದ ಗುರು ಬರ್ನಾರ್ಡ್ ಪೆತಿಜಾನ್. ನಮ್ಮ ಮೈಸೂರು, ಬೆಂಗಳೂರು ಸೀಮೆಯಲ್ಲಿ ದುಡಿದ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯವರೇ ಅವರೂ. ಮಾರ್ಚ್ 17, ಶುಕ್ರವಾರ, ಸುಮಾರು ಹದಿನೈದು ಮಂದಿ ಹಳ್ಳಿಗರು ಬಾಗಿಲಲ್ಲಿ ನಿಂತಿದ್ದರು. ಗುರುಗಳು ಒಳಗೆ ಕರೆದು ತಾವು ಪ್ರಾರ್ಥನೆಗೆ ಮೊಣಕಾಲೂರಿದರು. ಒಬ್ಬ ಹೆಂಗಸು ಹತ್ತಿರ ಬಂದು, ನಮ್ಮೆಲ್ಲರ ಹೃದಯವೂ ನಿಮ್ಮ ಹೃದಯದಂತೆಯೇ ಎಂದಳು. ಸಾಂತಾ ಮರಿಯಾಳ ಪ್ರತಿಮೆ ಎಲ್ಲಿ ಎಂದು ಕೇಳಿದಳು. ನಾವೀಗ ದುಃಖದ ಕಾಲದಲ್ಲಿದ್ದೇವೆ ಎಂದೂ ಅವರು ತಿಳಿಸಿದರು. ಅದು ತಪಸ್ಸುಕಾಲ! ಗುರುಗಳಿಲ್ಲದ ಇನ್ನೂರು ವರ್ಷದಲ್ಲಿ ಅವರ ಲೆಕ್ಕ ತಪ್ಪಿರಲಿಲ್ಲ.

ಇಲ್ಲಿಗೆ ಕಷ್ಟ ಮುಗಿಯಿತೆಂದು ಹೇಳುವಂತಿಲ್ಲ. ನಿಷೇಧ ಇನ್ನೂ ಜಾರಿಯಲ್ಲಿತ್ತು. ಊರಿನ ಸುಮಾರು 3,400 ಮಂದಿಯನ್ನು ದೇಶದ ಮೂಲೆಮೂಲೆಗೆ ಗಡಿಪಾರು ಮಾಡಿದರು. 600ಕ್ಕೂ ಹೆಚ್ಚು ಜನ ಅಲ್ಲೇ ತೀರಿಕೊಂಡರು. 1873ರಲ್ಲಿ ನಿಷೇಧದ ಫಲಕಗಳನ್ನು ತೆಗೆದಾಗ ಉಳಿದವರು ಮರಳಿದರು. ಹಿಂದೆ ತಾವು ಚಿತ್ರ ತುಳಿದಿದ್ದ ಊರ ಮುಖ್ಯಸ್ಥನ ಮನೆಯ ಜಾಗವನ್ನೇ ಕೊಂಡರು. ಕಷ್ಟಪಟ್ಟು ಹಣ ಕೂಡಿಸಿ 1914ರಲ್ಲಿ ಅಲ್ಲಿ ದೊಡ್ಡ ದೇವಾಲಯ ಕಟ್ಟಿ ಮುಗಿಸಿದರು.

1945ರ ಆಗಸ್ಟ್ 9, ಬೆಳಿಗ್ಗೆ 11 ಗಂಟೆ 2 ನಿಮಿಷ. ಮರಿಯಮ್ಮನವರ ಹಬ್ಬಕ್ಕೆ ಸಿದ್ಧರಾಗಲು ಜನ ಪಾಪನಿವೇದನೆಗೆ ಬಂದಿದ್ದರು. ಅಣುಬಾಂಬು ಸಿಡಿದದ್ದು ದೇವಾಲಯದಿಂದ ಸುಮಾರು 500 ಮೀಟರ್ ದೂರದಲ್ಲಿ. ಒಳಗಿದ್ದವರು ಯಾರೂ ಉಳಿಯಲಿಲ್ಲ. ಧರ್ಮಕೇಂದ್ರದ ಸುಮಾರು 12,000 ವಿಶ್ವಾಸಿಗಳಲ್ಲಿ 8,500 ಮಂದಿ ಸತ್ತರು. ಇಷ್ಟು ಕಾದವರಿಗೆ ಇದೇಕೆ ಎಂಬ ಪ್ರಶ್ನೆಗೆ ಯಾವ ಪ್ರಬೋಧನೆಯಲ್ಲೂ ಸುಲಭದ ಉತ್ತರವಿಲ್ಲ. ಕೊಡಲು ಹೋಗಬಾರದು ಕೂಡ.

ದೇವಾಲಯದ ಎರಡು ಗಂಟೆಗಳಲ್ಲಿ ಒಂದು ಒಡೆದುಹೋಗಿತ್ತು. ಇನ್ನೊಂದನ್ನು ಉಳಿದ ಜನ ಅವಶೇಷಗಳಡಿಯಿಂದ ಅಗೆದು ತೆಗೆದರು. ಆ ವರ್ಷದ ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಸುಟ್ಟ ಬಯಲಿನಲ್ಲಿ ಅದನ್ನು ಬಾರಿಸಿದರು. 1959ರಲ್ಲಿ ದೇವಾಲಯ ಮತ್ತೆ ಎದ್ದಿತಾದರೂ ಒಂದು ಗೋಪುರ ಗಂಟೆಯಿಲ್ಲದೆ ಉಳಿಯಿತು. ಬಾಂಬು ಹಾಕಿದ ದೇಶವಾದ ಅಮೆರಿಕದ ಕಥೋಲಿಕರು ಹಣ ಕೂಡಿಸಿ ಹೊಸ ಗಂಟೆ ಕಳಿಸಿದರು. 2025ರ ಆಗಸ್ಟ್ 9ರಂದು, ಅದೇ 11 ಗಂಟೆ 2 ನಿಮಿಷಕ್ಕೆ, ಉರಾಕಾಮಿಯಲ್ಲಿ ಎಂಬತ್ತು ವರ್ಷಗಳ ನಂತರ ಎರಡು ಗಂಟೆಗಳೂ ಒಟ್ಟಿಗೆ ಮೊಳಗಿದವು.